ಮೇಲ್ಮನೆ ಸದಸ್ಯರು

ನಮ್ಮ ಸರಸ್ವತೀಪುರಂ ಮನೆಯ ಮಹಡಿಗೆ ಬಾಡಿಗೆ ಕೇಳಿಕೊಂಡು ಬಂದ ಹುಡುಗನನ್ನು 'ಏನು ಕೆಲಸ ಮಾಡ್ಕೊಂಡಿದ್ದೀಯಪ್ಪಾ?' ಎಂದು ಕೇಳಿದೆ. 'ಬೇರೆಯವರು ಕೆಲಸ ಮಾಡೋ ಹಾಗೆ ಮಾಡ್ತೀನಿ ಅಂಕಲ್' ಎಂದ. ಮೇಸ್ತ್ರಿ ಇರಬೇಕು, ಇನ್ನು ಮೆಟ್ಟಿಲ ತುಂಬ ಸಿಮೆಂಟಿನ ಹೆಜ್ಜೆ ಎಂದು ಹೆದರಿದೆ. ಅಲ್ಲವಂತೆ. ಪ್ರೊಡಕ್ಟಿವಿಟಿ ಸಾಫ್ಟ್‌ವೇರ್. ಯಾರು ಯಾವ ಕೆಲಸ ಯಾವಾಗ ಮುಗಿಸಬೇಕೆಂದು ಫೋನಿನಲ್ಲಿ ಬರೆದಿಟ್ಟರೆ, ಮುಗಿಸುವ ತನಕ ಅದು ಜೀವ ತಿನ್ನುತ್ತದಂತೆ. ನಮ್ಮ ಬ್ಯಾಂಕಿನಲ್ಲಿ ಇದಕ್ಕೆ ಒಬ್ಬ ಹೆಡ್ ಕ್ಲರ್ಕ್ ಇದ್ದರು. ಅವರನ್ನು ಚಾರ್ಜಿಗೆ ಹಾಕಬೇಕಿರಲಿಲ್ಲ, ಕಾಫಿ ಕೊಟ್ಟರೆ ಸಾಕಿತ್ತು.

ಈ ಕುಲದವರು ಈಗ ಮೈಸೂರಿನಲ್ಲಿ ಬಡಾವಣೆಗೊಬ್ಬರಾದರೂ ಸಿಗುತ್ತಾರೆ. ಗುರುತು ಹಿಡಿಯುವುದು ಸುಲಭ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಹತ್ತು ವರ್ಷ ಕಳೆದು, ಕೊರೋನಾದಲ್ಲಿ ಊರಿಗೆ ಬಂದು, ಅಮ್ಮನ ಕೈಯಡುಗೆ ಉಂಡು, ವಾಪಸ್ ಹೋಗದೆ ಉಳಿದವರು. ಲ್ಯಾಪ್‌ಟಾಪಿನ ಬೆನ್ನ ಮೇಲೆ ತೇರಿನ ಅಲಂಕಾರದಷ್ಟು ಸ್ಟಿಕರ್. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ವಾಕಿಂಗ್ ಮಾಡುತ್ತ ಗಾಳಿಯ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ಕಿವಿಯಲ್ಲಿ ಇಷ್ಟೇ ಇಷ್ಟು ಬಿಳಿ ಕಡ್ಡಿ ಕಂಡಮೇಲೆ ನಮಗೆ ಸಮಾಧಾನ. ನಮ್ಮವನ ಕಂಪನಿಯಲ್ಲಿ ಮೂರು ಜನ. ಇವನು ಸಿಇಒ, ಧಾರವಾಡದಲ್ಲಿ ಕೂತ ಸ್ನೇಹಿತ ಸಿಟಿಒ, ಮೂರನೆಯವನು ಕೆಲಸ ಮಾಡುತ್ತಿದ್ದ ಇಂಟರ್ನ್. ಇಂಟರ್ನ್‌ಗೆ ಹೆಬ್ಬಾಳದ ಇನ್ಫೋಸಿಸ್ ಕ್ಯಾಂಪಸ್ಸಿನಿಂದ ಟ್ರೈನಿಂಗ್‌ಗೆ ಕರೆ ಬಂದು, ಅವನ ತಾಯಿ ನಮಗೂ ಮೈಸೂರ್ ಪಾಕ್ ಕೊಟ್ಟು ಹೋದರು. ಆಮೇಲೆ ಕಂಪನಿಯಲ್ಲಿ ಅಧಿಕಾರಿಗಳು ಮಾತ್ರ ಉಳಿದರು. ಆ್ಯಪಿನ ಹೆಸರಿನಲ್ಲಿ ಸ್ವರಗಳೇ ಇಲ್ಲ, ಬರೀ ವ್ಯಂಜನ. ನಮ್ಮಾಕೆ ಓದಲು ಹೋಗಿ ಕೆಮ್ಮಿದಳು.

ಫೌಂಡರ್‌ಗಳಿಗೆ ತಮ್ಮದೇ ಪುರಾಣಗಳಿವೆ. ಕರೆಂಟ್ ಹೋದ ಸಂಜೆ ಮೆಟ್ಟಿಲ ಮೇಲೆ ಕೂತು ಹೇಳುತ್ತಾನೆ. ತೆಂಕಾಶಿಯ ಕಡೆಗೆ ಹೋಗಿ ಕೂತ ಜೋಹೋದ ಶ್ರೀಧರ್ ವೆಂಬು ಅವರ ಕಥೆ ಒಂದು. ಸ್ಲ್ಯಾಕ್ ಕಥೆ ಇನ್ನೊಂದು: ಆ ಕಂಪನಿಯವರು ಗ್ಲಿಚ್ ಎಂಬ ಆನ್‌ಲೈನ್ ಆಟ ಮಾಡಿ, ಅದು ಓಡದೆ 2012ರಲ್ಲಿ ಮುಚ್ಚಿ, ತಮ್ಮತಮ್ಮಲ್ಲೇ ಮಾತಾಡಿಕೊಳ್ಳಲು ಮಾಡಿಕೊಂಡಿದ್ದ ಸಲಕರಣೆಯನ್ನೇ ಮಾರಾಟಕ್ಕಿಟ್ಟರು, ಅದನ್ನು 2021ರಲ್ಲಿ ಸೇಲ್ಸ್‌ಫೋರ್ಸ್ ಎರಡೂವರೆ ಸಾವಿರ ಕೋಟಿ ಡಾಲರಿಗೂ ಮಿಕ್ಕಿ ಕೊಟ್ಟು ಕೊಂಡಿತು. 'ಹಾಗಾದರೆ ನೀನು ಮೊದಲು ಒಂದು ಆಟದ ಕಂಪನಿ ಮುಚ್ಚಬೇಕಿತ್ತಲ್ಲಪ್ಪಾ' ಎಂದೆ. ಅವನು ನಗಲಿಲ್ಲ, ಬರೆದುಕೊಂಡ.

ದೊಡ್ಡವರು ಬಂದು ಕೊಂಡುಕೊಳ್ಳುವುದಕ್ಕೆ ಎಕ್ಸಿಟ್ ಎನ್ನುತ್ತಾರಂತೆ, ಅದೇ ಮೋಕ್ಷವಂತೆ. ನನ್ನ ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿಗೂ ಎಕ್ಸಿಟ್ ಆಯಿತು. 1913ರಲ್ಲಿ ಬಾಗಿಲು ತೆರೆದಿದ್ದು, 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕಿನಲ್ಲಿ ಕರಗಿತು. ಯಾರೂ ಕೇಕ್ ಕತ್ತರಿಸಲಿಲ್ಲ. ನಾವು ಕೆಲವರು ಹೋಟೆಲಿನಲ್ಲಿ ಕೂತು ಕಣ್ಣೊರೆಸಿಕೊಂಡು ಬೈಟು ಕಾಫಿ ಕುಡಿದು ಬಂದೆವು.

ಲಾಭ ಎಷ್ಟು ಎಂದು ಕೇಳಿದರೆ, ಈಗ ಲಾಭ ಬೇಡ, ಗ್ರೋತ್ ಬೇಕು ಎನ್ನುತ್ತಾನೆ. ಸರ್ಕಾರ ಎಲಿವೇಟ್ ಯೋಜನೆಯಲ್ಲಿ ಆಯ್ಕೆಯಾದವರಿಗೆ 50 ಲಕ್ಷದವರೆಗೆ ಕೊಡುತ್ತದೆ, ಅದು ಸಾಲವಲ್ಲ, ಅನುದಾನ ಎಂದಾಗ ನಾನು ಒಂದು ಲೋಟ ನೀರು ಕುಡಿಯಬೇಕಾಯಿತು. ಎರಡು ಎಮ್ಮೆ ಸಾಲಕ್ಕೆ ಮೂರು ಜಾಮೀನು ಕೇಳಿದ ಕೈ ಇದು. 'ಇನ್ನು ಎಂಟು ತಿಂಗಳ ರನ್‌ವೇ ಇದೆ ಅಂಕಲ್' ಎಂದ ಒಮ್ಮೆ. ಕೈಯಲ್ಲಿರುವ ದುಡ್ಡು ಎಷ್ಟು ತಿಂಗಳು ಬಂದೀತು ಎಂಬ ಲೆಕ್ಕಕ್ಕೆ ಆ ಹೆಸರು. ನಮ್ಮ ಮಂಡಕಳ್ಳಿ ವಿಮಾನ ನಿಲ್ದಾಣದ ರನ್‌ವೇ 1,740 ಮೀಟರ್; ವಿಸ್ತರಣೆಯ ಮಾತು ಕೇಳಿ ಕೇಳಿ ನನಗೆ ರಿಟೈರ್ ಆಯಿತು. ರನ್‌ವೇ ಎಂಬ ಮಾತು ಮೈಸೂರಿನವರ ಮುಂದೆ ಆಡಬಾರದು ಎಂದು ಹೇಳಿದೆ.

ಅವನ ಮೊದಲ ಗಿರಾಕಿ ನಮ್ಮಾಕೆ. ಪುಕ್ಕಟೆ ಗಿರಾಕಿ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಅವಳದೊಂದು ಆಡಳಿತವಿದೆ: ಹಾಲು ಬಾರದ ದಿನಕ್ಕೆ ಇಂಟು ಗುರುತು, ಸಿಲಿಂಡರ್ ಹಚ್ಚಿದ ದಿನಕ್ಕೆ ಸೊನ್ನೆ, ಇಸ್ತ್ರಿಯವನಿಗೆ ಹಾಕಿದ ಬಟ್ಟೆಯ ಲೆಕ್ಕ ಏಕಾದಶಿಯ ಪಕ್ಕದಲ್ಲಿ. ಹುಡುಗ ಅದರ ಮುಂದೆ ದೇವರ ಪಟದ ಮುಂದೆ ನಿಂತ ಹಾಗೆ ನಿಂತು ಫೋಟೋ ತೆಗೆದ. 'ಇದು ಡ್ಯಾಶ್‌ಬೋರ್ಡ್ ಆಂಟಿ!' ಎಲ್ಲವನ್ನೂ ಅವಳ ಫೋನಿಗೆ ತುಂಬಿಸಿಕೊಟ್ಟ. ಅವಳು ಎರಡರಲ್ಲೂ ಬರೆಯತೊಡಗಿದಳು. ಪ್ರೊಡಕ್ಟಿವಿಟಿ ಎಂದರೆ ಒಂದೇ ಕೆಲಸವನ್ನು ಎರಡು ಸಲ ಮಾಡುವುದು ಎಂದು ನಾನು ತಿಳಿದುಕೊಂಡಿದ್ದು ಹಾಗೆ.

ಒಂದು ಮಂಗಳವಾರ ಇನ್ವೆಸ್ಟರ್ ಬಂದರು. ಬೆಳಿಗ್ಗೆ ದಶಪಥದಲ್ಲಿ ಹೊರಟು, ನಜರಬಾದಿನ ಮೈಲಾರಿಯಲ್ಲಿ ದೋಸೆ ತಿಂದು, ಬೆಟ್ಟ ಹತ್ತಿ ತಾಯಿ ದರ್ಶನ ಮಾಡಿ, ಉಳಿದ ಸಮಯದಲ್ಲಿ ಕಂಪನಿ ನೋಡುವ ಏರ್ಪಾಡು. ಮೂರೂಕಾಲಿಗೆ ಡೆಮೋ. 'ಮಂಗಳವಾರ ಮೂರರಿಂದ ನಾಲ್ಕೂವರೆ ರಾಹುಕಾಲ ಕಣೋ' ಎಂದಳು ನಮ್ಮಾಕೆ. ಹುಡುಗ ನಕ್ಕ. ನಾನು ಕಾಫಿ ಹಿಡಿದು ಮೇಲೆ ಹೋಗುವ ಹೊತ್ತಿಗೆ ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ 'ನಿಜವಾದ ಬಳಕೆದಾರರು' ಎಂದು ಏನೋ ತೆರೆದ. ತೆರೆದದ್ದು ನಮ್ಮಾಕೆಯ ಪಟ್ಟಿ. ಮೇಲುಗಡೆಯೇ ಕೆಂಪಕ್ಷರದಲ್ಲಿ: 'ಮಹಡಿ ಬಾಡಿಗೆ ಬಂದಿಲ್ಲ. 12 ದಿನ ತಡ.' ಅದರ ಕೆಳಗೆ: 'ಕೇಳಲು ಇವರಿಗೆ ಹೇಳಿದ್ದೇನೆ, ಕೇಳಿಲ್ಲ.' ಇವರು ಎಂದರೆ ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತ ನಾನು. ಇನ್ವೆಸ್ಟರ್ ಮುಂದಕ್ಕೆ ಬಾಗಿ, 'ಈ ಯೂಸರ್ ದಿನಕ್ಕೆ ಎಷ್ಟು ಸಲ ತೆಗೆದು ನೋಡ್ತಾರೆ?' ಎಂದು ಬಹಳ ಆಸಕ್ತಿಯಿಂದ ಕೇಳಿದರು. ಹೊರಡುವಾಗ 'ಇಂಟರೆಸ್ಟಿಂಗ್, ಅಪ್‌ಡೇಟ್ ಮಾಡ್ತಾ ಇರಿ' ಎಂದರು. ಹೆಣ್ಣು ನೋಡಲು ಬಂದವರು ಕೇಸರಿಬಾತ್ ಮುಗಿಸಿ 'ಊರಿಗೆ ಹೋಗಿ ಕಾಗದ ಬರೀತೀವಿ' ಎಂದದ್ದನ್ನು ಕೇಳಿ ಬೆಳೆದವರಿಗೆ ಇದರ ಅನುವಾದ ಬೇಕಿಲ್ಲ.

ಎರಡು ದಿನ ಬಾಗಿಲು ಹಾಕಿಕೊಂಡಿದ್ದ. ನನಗೆ ಪಾಪ ಎನಿಸಿತು. ನಮ್ಮೂರಿನಲ್ಲೇ ಮೈಸೂರ್ ಪೇಂಟ್ಸ್‌ನವರು 1962ರಿಂದ ಚುನಾವಣೆಯ ಶಾಯಿ ಮಾಡುತ್ತಿದ್ದಾರೆ, ಅಪ್‌ಡೇಟ್ ಇಲ್ಲ, ಡೆಮೋ ಇಲ್ಲ, ಬೆರಳಿಗೆ ಹಚ್ಚಿದರೆ ಹೋಗಬಾರದು, ಅಷ್ಟೇ ಎಂದು ಸಮಾಧಾನ ಹೇಳಲು ಹೋದೆ. ಅದು ಸಮಾಧಾನ ಆಗಲಿಲ್ಲ. ಮೂರನೆಯ ದಿನ ಅವನೇ ಕೆಳಗಿಳಿದು ಒಂಟಿಕೊಪ್ಪಲ್ ಪಂಚಾಂಗ ಕಡ ಕೇಳಿದ. ಮುಂದಿನ ವಾರ ಆ್ಯಪಿನಲ್ಲಿ ಹೊಸದೊಂದು ಗುಂಡಿ: ರಾಹುಕಾಲದಲ್ಲಿ ಮೀಟಿಂಗ್ ಇಟ್ಟರೆ ಬೇಡ ಎನ್ನುತ್ತದೆ.

ಅದೇ ಓಡಿತು. ಮೊದಲು ದುಡ್ಡು ಕಟ್ಟಿದವರು ಮದುವೆ ಅಡುಗೆ ಕಾಂಟ್ರಾಕ್ಟರ್ ಒಬ್ಬರು. ಎಲೆ, ತರಕಾರಿ, ಬಡಿಸುವ ಹುಡುಗರು, ಯಾವ ಛತ್ರಕ್ಕೆ ಎಷ್ಟು ಹೊತ್ತಿಗೆ ಪಾತ್ರೆ, ಎಲ್ಲ ಅದರಲ್ಲೇ. ಅವರಿಂದ ಶಾಮಿಯಾನದವರು, ಓಲಗದವರು, ಮೂರು ಛತ್ರದ ಮ್ಯಾನೇಜರುಗಳು. ಸ್ಯಾನ್ ಫ್ರಾನ್ಸಿಸ್ಕೋಗೆಂದು ಮಾಡಿದ ಪ್ರಾಡಕ್ಟು ಹೀಗೆ ಓಲಗದವರ ಪಾಲಾಯಿತಲ್ಲ ಎಂದು ಅವನಿಗೆ ಒಳಗೊಳಗೇ ಸಂಕಟ. ಬಾಡಿಗೆ ಮಾತ್ರ ಒಂದನೇ ತಾರೀಖಿಗೆ ಬರತೊಡಗಿತು.

ಆಷಾಢ ಬಂತು. ಮದುವೆಗಳು ನಿಂತವು, ಗಿರಾಕಿಗಳು ದುಡ್ಡು ಕಟ್ಟುವುದನ್ನೂ ನಿಲ್ಲಿಸಿದರು. ಹುಡುಗ ಬಿಳಿಚಿಕೊಂಡು ಇಳಿದು ಬಂದ. 'ಅಂಕಲ್, ಚರ್ನ್ ವಿಪರೀತ ಆಗಿದೆ.' ನಮ್ಮಾಕೆ ಹುರುಳಿಕಾಯಿ ನಾರು ತೆಗೆಯುತ್ತಿದ್ದವಳು ತಲೆಯೆತ್ತಲಿಲ್ಲ. 'ಶ್ರಾವಣಕ್ಕೆ ಸರಿಹೋಗತ್ತೆ, ಹೋಗು' ಎಂದಳು. ಸರಿಹೋಯಿತು.

ಮೊನ್ನೆ ರಾತ್ರಿ ಊಟವಾದ ಮೇಲೆ ಮತ್ತೆ ಬಂದ, ಕೈಯಲ್ಲಿ ಲ್ಯಾಪ್‌ಟಾಪ್. ರನ್‌ವೇ ಲೆಕ್ಕ ಹಾಕುತ್ತಿದ್ದನಂತೆ.

'ಆಂಟಿ, ಮುಂದೆ ಅಧಿಕ ಮಾಸ ಯಾವಾಗ ಬೀಳತ್ತೆ?'

ನಮ್ಮಾಕೆ ಸೆರಗಿನಲ್ಲಿ ಕೈ ಒರೆಸಿಕೊಂಡು ಕನ್ನಡಕ ಹುಡುಕಿದಳು.