ಜಯನಗರಕ್ಕೆ ಬಂದ ವಿಯೆಟ್ನಾಂ ಕಾಫಿ

ಜಯನಗರ, ಜೆ.ಪಿ. ನಗರದ ಹೊಸ ಕೆಫೆಗಳ ಮೆನುವಿನಲ್ಲಿ ಈಗ ವಿಯೆಟ್ನಾಂ ಕಾಫಿಯೂ ಬಂದು ಕೂತಿದೆ. ಗಾಜಿನ ಲೋಟ, ಅಡಿಯಲ್ಲಿ ಕಂಡೆನ್ಸ್ಡ್ ಮಿಲ್ಕು, ಮೇಲೆ ‘ಫಿನ್’ ಎಂಬ ಪುಟಾಣಿ ಫಿಲ್ಟರು. ಡಿಕಾಕ್ಷನ್ ತೊಟ್ಟು ತೊಟ್ಟಾಗಿ ಇಳಿಯುತ್ತದೆ, ಥೇಟ್ ಬೇಸಿಗೆಯ ಕಾವೇರಿ ನಲ್ಲಿ! ನಮ್ಮನೆಯಲ್ಲೂ ಡಿಕಾಕ್ಷನ್ ಇಳಿಯುವುದು ಹೀಗೆಯೇ. ಆದರೆ ಅದನ್ನು ನೋಡುತ್ತ ಕೂತಿದ್ದಕ್ಕೆ ಯಾರೂ ಮೂರಂಕಿಯ ಬಿಲ್ಲು ಕೊಟ್ಟಿಲ್ಲ.

ಹೊರಗಿನದು ಎಂದು ಮೂಗು ಮುರಿಯುವಂತೆಯೂ ಇಲ್ಲ. ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜ ತಂದರೆಂಬ ಕಥೆಯಿಂದಲೇ ನಮ್ಮ ಕಾಫಿ ಶುರು. ವಿಯೆಟ್ನಾಮಿಗೆ 1857ರಲ್ಲಿ ಕಾಫಿ ಒಯ್ದವರು ಫ್ರೆಂಚ್ ಪಾದ್ರಿಗಳು. ಅಷ್ಟೇಕೆ, 1924ರಲ್ಲಿ ಎಂ.ಟಿ.ಆರ್.ಗೆ ಬುನಾದಿ ಹಾಕಿದ ಮಯ್ಯ ಸಹೋದರರೂ ಉಡುಪಿ ಕಡೆಯಿಂದ ವಲಸೆ ಬಂದವರೇ. ಇವತ್ತು ರೊಬಸ್ಟಾ ಕಾಫಿ ಬೆಳೆಯುವುದರಲ್ಲಿ ವಿಯೆಟ್ನಾಂ ಜಗತ್ತಿಗೇ ಮೊದಲು. ಕೊಡಗಿನ ತೋಟಗಳಲ್ಲೂ ಹೆಚ್ಚಾಗಿ ಇರುವುದು ಅದೇ ರೊಬಸ್ಟಾ.

ಇನ್ನು ಈ ಕೆಫೆಗಳ ‘ಪರಿಸರಸ್ನೇಹಿ’ ಎಂಬ ಬೋರ್ಡು. ಚರಟವೆಲ್ಲ ಗೊಬ್ಬರಕ್ಕಂತೆ, ಪ್ಲಾಸ್ಟಿಕ್ ಲೋಟ ಇಲ್ಲವಂತೆ. ಒಳ್ಳೆಯದೇ. ಬನಶಂಕರಿಯ ಅಜ್ಜಿಯರು ಚರಟವನ್ನು ಗುಲಾಬಿ ಗಿಡದ ಬುಡಕ್ಕೆ ಸುರಿದು, ಸ್ಟೀಲ್ ಲೋಟ ತೊಳೆದು ಕವುಚಿಟ್ಟಿದ್ದಕ್ಕೆ ಬೋರ್ಡು ಹಾಕಲಿಲ್ಲ, ಅಷ್ಟೇ.

ಹೋಗಿ, ಕುಡಿಯಿರಿ, ಚೆನ್ನಾಗಿಯೇ ಇರುತ್ತದೆ. ಸಕ್ಕರೆ ಮಾತ್ರ ಕೇಳಬೇಡಿ, ಬೈಟು ಅಂತೂ ಕೇಳಲೇಬೇಡಿ.