ಅಂಬಾಸಿಡರ್ ಯಜಮಾನರೂ ಪದ್ಮಿನಿ ಮೇಷ್ಟ್ರೂ

ಒಂದೇ ಬೀದಿಯಲ್ಲಿ ಒಂದು ಅಂಬಾಸಿಡರ್, ಒಂದು ಪ್ರೀಮಿಯರ್ ಪದ್ಮಿನಿ ಇದ್ದರೆ ಆ ಬೀದಿಗೆ ಬೇರೆ ಮನರಂಜನೆ ಬೇಡ. ಅಂಬಾಸಿಡರ್ ಯಜಮಾನರು ಬೆಳಿಗ್ಗೆ ಬಾನೆಟ್ ಒರೆಸುತ್ತಾ, "1489 ಸಿಸಿ ಎಂಜಿನ್ ರೀ" ಎಂದು ಗೇಟಿನಾಚೆಗೂ ಕೇಳುವಂತೆ ಹೇಳುತ್ತಾರೆ. "ನಿಮ್ಮ ಗಾಡಿ ತೂಕಕ್ಕೆ ಅಷ್ಟಾದರೂ ಬೇಡವೇ? ನನಗೆ 1089 ಧಾರಾಳ," ಎನ್ನುತ್ತಾರೆ ಎದುರು ಮನೆಯ ಪದ್ಮಿನಿ ಮೇಷ್ಟ್ರು.

ಮೇಷ್ಟ್ರ ಮಾತು ತಳ್ಳಿಹಾಕುವಂಥದ್ದಲ್ಲ. ಅಂಬಾಸಿಡರ್‌ನದು ಸುಮಾರು 50 ಅಶ್ವಶಕ್ತಿ, ಪದ್ಮಿನಿಯದು 40ರ ಆಸುಪಾಸು. ಆದರೆ ಅಂಬಾಸಿಡರ್ ಮೈಭಾರದಲ್ಲೂ ಅಷ್ಟೇ ಮುಂದೆ. ಹೀಗಾಗಿ ಓಟದಲ್ಲಿ ಹೆಚ್ಚು ಕಡಿಮೆ ಸಮ. ಎಂಬತ್ತು ದಾಟಿದ ಮೇಲೆ ಎರಡರಲ್ಲೂ ಮಾತು ನಿಲ್ಲುತ್ತದೆ, ಆಡಿದರೂ ಕೇಳಿಸುವುದಿಲ್ಲ.

ವಂಶಾವಳಿ ತೆಗೆದರೆ ಇಬ್ಬರೂ ಬಿಗುವಾಗುತ್ತಾರೆ. ಒಂದು ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಸಂತಾನ, ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೂ ತಯಾರಾಯಿತು. ಇನ್ನೊಂದು ಇಟಲಿಯ ಫಿಯಟ್ 1100ರ ಕುಡಿ, ಮುಂಬೈನ ಕುರ್ಲಾದಲ್ಲಿ ಬೆಳೆದದ್ದು. ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಪ್ರಧಾನಿಯಾಗಿದ್ದಾಗ ಬ್ಯಾಂಕಿನಲ್ಲಿ 5,000 ರೂಪಾಯಿ ಸಾಲ ಮಾಡಿ ಕೊಂಡದ್ದು ಫಿಯಟ್ಟನ್ನೇ ಎಂಬುದು ಮೇಷ್ಟ್ರ ಬ್ರಹ್ಮಾಸ್ತ್ರ. "ಸ್ವಂತ ದುಡ್ಡಾದರೆ ಫಿಯಟ್, ಸರ್ಕಾರದ ದುಡ್ಡಾದರೆ ಅಂಬಾಸಿಡರ್!" ಯಜಮಾನರು ಇದಕ್ಕೆ ಉತ್ತರ ಕೊಡದೆ ಬಾನೆಟ್ ಮತ್ತೊಮ್ಮೆ ಒರೆಸುತ್ತಾರೆ.

ಘಾಟಿ ಹತ್ತುವಾಗ ಮಾತ್ರ ಮೇಷ್ಟ್ರು ವಿನಯವಂತರು. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಅರ್ಧ ಮುಗಿಯುವಷ್ಟರಲ್ಲಿ ಎಂಜಿನ್ ಕಾವಿಗೆ ಪೆಟ್ರೋಲ್ ಆವಿಯಾಗಿ, ಪಂಪಿಗೆ ಎಳೆಯಲು ಏನೂ ಸಿಗದೆ ಪದ್ಮಿನಿ ಕೆಮ್ಮಿ ನಿಲ್ಲುತ್ತದೆ. ಅದಕ್ಕೆಂದೇ ಡಿಕ್ಕಿಯಲ್ಲಿ ಒಂದು ಹಳೇ ಪಂಚೆಯ ತುಂಡು, ಒಂದು ಬಾಟಲಿ ನೀರು. ಒದ್ದೆ ಬಟ್ಟೆಯನ್ನು ಪಂಪಿಗೆ ಸುತ್ತಿ, ಜ್ವರ ಬಂದ ಮಗುವಿನ ಹಣೆ ನೋಡುವಂತೆ ಆಗಾಗ ಮುಟ್ಟಿ ನೋಡುತ್ತಾ ಕಾಯಬೇಕು. ಅಂಬಾಸಿಡರ್‌ಗೂ ಬಾಯಾರಿಕೆಯಿದೆ, ಅದು ರೇಡಿಯೇಟರಿನದು, ಬಾಟಲಿಯಲ್ಲಿ ತೀರುವಂಥದ್ದಲ್ಲ.

ಗೇರು ಎರಡಕ್ಕೂ ಸ್ಟೀರಿಂಗ್ ಪಕ್ಕದಲ್ಲೇ. ಬುಷ್ ಸವೆದರೆ ಸಿಗ್ನಲ್ಲಿನಲ್ಲೇ ಸಿಕ್ಕಿಕೊಂಡು, ಹಿಂದಿನ ಬಸ್ಸಿನವನ ಹಾರನ್ ಕೇಳುತ್ತಲೇ ಇಳಿದು, ಬಾನೆಟ್ ಎತ್ತಿ, ಸರಳುಗಳನ್ನು ಕೈಯಲ್ಲೇ ಅಲ್ಲಾಡಿಸಬೇಕು. ನಡುನಡುವೆ ಪಾಯಿಂಟ್ ಸುಟ್ಟರೆ ಬೆಂಕಿಪೊಟ್ಟಣದ ಗೀಚುವ ಅಂಚಿನಿಂದ ಉಜ್ಜಿದರೂ ಮನೆ ಸೇರಬಹುದು. ಇಂದಿನ ಕಾರಿಗೆ ಲ್ಯಾಪ್‌ಟಾಪ್ ಬೇಕು, ಅದೊಂದೇ ವ್ಯತ್ಯಾಸ.

ಖರ್ಚಿನ ವಿಷಯದಲ್ಲಿ ಯಜಮಾನರೇ ಗೆದ್ದವರು ಎಂದು ಒಪ್ಪಲೇಬೇಕು. ಅವರ ಗಾಡಿ ಮೊನ್ನೆ ಮೊನ್ನೆಯವರೆಗೂ ತಯಾರಾಗುತ್ತಿದ್ದದ್ದು, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಿದರೆ ಏನಾದರೂ ಸಿಕ್ಕೀತು. ಪದ್ಮಿನಿಗೆ ಮೆಕ್ಯಾನಿಕ್ಕು ಮೊದಲೇ ಕೈ ಆಡಿಸಿಬಿಡುತ್ತಾನೆ: "ಸಾಮಾನು ಬರ್ತಿಲ್ಲ ಸಾರ್, ಗುಜರಿಲಿ ನೋಡ್ಬೇಕು." ಮೇಷ್ಟ್ರು ನೋಡಿದರು. ಬಿಡಿಭಾಗಕ್ಕಾಗುತ್ತದೆಂದು ಗುಜರಿಯಿಂದ ಇಡೀ ಪದ್ಮಿನಿಯನ್ನೇ ತಂದರು. ಬಿಚ್ಚುವ ಮುಂಚೆ ಒಮ್ಮೆ ತೊಳೆದು ನೋಡಿದರೆ, ಪಾಪ, ಬಾಡಿ ಚೆನ್ನಾಗಿಯೇ ಇತ್ತು. ಈಗ ಅದನ್ನೂ ಓಡಿಸುವ ಸ್ಥಿತಿಗೆ ತರುತ್ತಿದ್ದಾರೆ. ಅದಕ್ಕೆ ಸಾಮಾನು ಹುಡುಕುತ್ತಿದ್ದಾರೆ.