ಸ್ಲೋನಲ್ಲಿ ನಿಲ್ಲದ ಟಿಲ್ಲರ್

ನಮ್ಮ ಮಾಗಡಿ ಸೀಮೆಯಲ್ಲಿ ಎಂಜಿನ್ನಿನ ಕಾಯಿಲೆಗಳು ಎರಡು ಜಾತಿ. ಸ್ಟಾರ್ಟೇ ಆಗದಿರುವುದು ಒಂದು. ಅದಕ್ಕೊಂದು ಮರ್ಯಾದೆಯಿದೆ, ಊರಿನವರು ಸುತ್ತ ನಿಂತು ಅಯ್ಯೋ ಪಾಪ ಅನ್ನುತ್ತಾರೆ. ಇನ್ನೊಂದು, ರೇಸ್ ಕೊಟ್ಟಷ್ಟು ಹೊತ್ತು ಊರು ನಡುಗುವಂತೆ ಓಡಿ, ರೇಸ್ ಇಳಿಸಿ ಸ್ಲೋಗೆ ತಂದ ಕೂಡಲೇ ಗುಡು, ಗುಡು, ಗು... ಎಂದು ಅರ್ಧ ಮಾತಿನಲ್ಲೇ ಪ್ರಾಣ ಬಿಡುವುದು. ಇದಕ್ಕೆ ಯಾರೂ ಮರುಗುವುದಿಲ್ಲ. "ಓಡ್ತೈತಲ್ಲ, ಇನ್ನೇನಾಗ್ಬೇಕು ನಿಮಗೆ?" ಅನ್ನುತ್ತಾರೆ.

ನನ್ನ ತಮ್ಮ ಸೆಕೆಂಡ್ ಹ್ಯಾಂಡಿನಲ್ಲಿ ತಂದ ಪವರ್ ಟಿಲ್ಲರ್ ಈ ಎರಡನೇ ಜಾತಿಯದು. ರಾಗಿ ಹೊಲ ಉಳುವಾಗ ಅದರ ಮೇಲೆ ಒಂದು ದೂರೂ ಇಲ್ಲ. ಬದುವಿನ ಹತ್ತಿರ ನಿಲ್ಲಿಸಿ ಎಲೆಅಡಿಕೆ ಹಾಕಿಕೊಳ್ಳೋಣ ಅಂದರೆ ಸತ್ತಿತು. ಮತ್ತೆ ಬದುಕಿಸಬೇಕಾದರೆ ಡಿಕಂಪ್ರೆಶನ್ ಲಿವರ್ ಎತ್ತಿ, ಹ್ಯಾಂಡಲ್ ಹಾಕಿ, ಉಸಿರು ಕಟ್ಟಿ ತಿರುಗಿಸಬೇಕು. ಬೆಳಿಗ್ಗೆ ತಿಂದ ಮುದ್ದೆ ಹತ್ತು ಗಂಟೆಯೊಳಗೇ ಕರಗಿ ಹೋಗುತ್ತಿತ್ತು.

ತಮ್ಮ ಅದಕ್ಕೊಂದು ಉಪಾಯ ಮಾಡಿದ. ಹಳೇ ಸೈಕಲ್ ಟ್ಯೂಬಿನ ತುಂಡಿನಿಂದ ರೇಸ್ ಲಿವರನ್ನು ಎಳೆದು ಕಟ್ಟಿಬಿಟ್ಟ. ಅಲ್ಲಿಗೆ ಟಿಲ್ಲರ್ ಸಾಯುವುದು ನಿಂತಿತು, ಊರಿನ ಗುಟ್ಟುಗಳು ಸಾಯತೊಡಗಿದವು. ಟ್ರೇಲರ್ ಹಾಕಿಕೊಂಡು ಪೇಟೆಗೆ ಹೋದರೆ ದಾರಿಯಲ್ಲಿ ಸಿಕ್ಕವರನ್ನು ಮಾತಾಡಿಸದೆ ಬರುವಂತಿಲ್ಲ, ಎಂಜಿನ್ ಆಫ್ ಮಾಡುವಂತಿಲ್ಲ. ಹಾಗಾಗಿ ಮಾತೆಲ್ಲ ಕೂಗಿಯೇ ಆಗಬೇಕು. ಕಲ್ಯಾ ಗೇಟಿನ ಹತ್ತಿರ ಬೀಗಸ್ತನದವರೊಬ್ಬರು ಎದುರಾಗಿ, ನಮ್ಮ ಸೋದರ ಸೊಸೆಗೆ ಬಂದಿದ್ದ ಸಂಬಂಧದ ವಿಷಯ ಎತ್ತಿದರು. ಹುಡುಗನ ಸಂಬಳ, ಅವನ ಅಪ್ಪನ ಸಾಲ, ತಾಯಿಯ ಬಾಯಿ, ಎಲ್ಲವೂ ಎಂಜಿನ್ನಿನ ಸದ್ದನ್ನು ಮೀರಿ ಬಸ್ಸು ಕಾಯುತ್ತಿದ್ದವರ ಕಿವಿಗೆ ಬಿದ್ದವು. ಅವರಲ್ಲಿ ಹುಡುಗನ ಸೋದರಮಾವನೂ ಇದ್ದರಂತೆ. ಆ ಸಂಬಂಧ ಮುಂದುವರಿಯಲಿಲ್ಲ.

ನಾನು ಮೇಷ್ಟ್ರ ಕೆಲಸದಿಂದ ರಿಟೈರಾಗಿ ಊರಿಗೆ ಬಂದವನು. ಈ ಟಿಲ್ಲರ್ ಮೇಲೆ ನನಗೆ ಒಳಗೊಳಗೇ ಮಮತೆ. ನಾಲ್ಕು ಸೆಕ್ಷನ್ನಿಗೆ ವ್ಯಾಕರಣ ಹೇಳುವಾಗ ಒಂದು ದಿನವೂ ಆಕಳಿಸದವನು, ಈಗ ಜಗುಲಿಯ ಕುರ್ಚಿಯಲ್ಲಿ ಕೂತರೆ ಪೇಪರಿನ ಎರಡನೇ ಪುಟಕ್ಕೆ ಆಫ್. ನನ್ನ ಹೆಂಡತಿ ನಮ್ಮಿಬ್ಬರಿಗೂ ಒಂದೇ ಮದ್ದು ಹೇಳುತ್ತಾಳೆ: "ಖಾಲಿ ಬಿಡಬೇಡಿ, ಏನಾದ್ರೂ ಹೇರಿ."

ಊರಿನವರ ರೋಗನಿದಾನವೂ ಸ್ವಾರಸ್ಯವಾಗಿತ್ತು. ಗ್ಯಾಸ್ ಟ್ರಬಲ್ ಇರುವವರು "ಒಳಗೆ ಗಾಳಿ ಸೇರೈತೆ" ಅಂದರು. ಬಡ್ಡಿಗೆ ಸಾಲ ಕೊಡುವವರು "ಡೀಸಲ್ ಕಮ್ಮಿ ಹಾಕ್ತೀರಿ, ಜಿಪುಣತನ" ಅಂದರು. ರಂಗನಾಥಸ್ವಾಮಿ ಜಾತ್ರೆಯಲ್ಲಿ ಎತ್ತು ಕೊಂಡು ಎತ್ತು ಮಾರಿಯೇ ಮುದುಕರಾದ ನಮ್ಮ ದೊಡ್ಡಪ್ಪ, "ಎತ್ತು ನಿಂತ್ರೆ ಮೆಲುಕು ಹಾಕ್ತದೆ, ಸಾಯಕಿಲ್ಲ. ಇದೆಂಥ ದನ ಕಣ್ಲಾ?" ಎಂದು ಎದ್ದು ಹೋದರು.

ದೊಡ್ಡಪ್ಪನ ಪ್ರಶ್ನೆಗೆ ಉತ್ತರವಿದೆ. ಟಿಲ್ಲರಿಗೆ ಇರುವುದು ಒಂದೇ ಸಿಲಿಂಡರ್. ಗಾಳಿ ಎಳೆದುಕೊಳ್ಳುವುದು, ಹಿಂಡುವುದು, ಉರಿಸುವುದು, ಹೊಗೆ ಹೊರಹಾಕುವುದು, ಇಷ್ಟಕ್ಕೆ ಎರಡು ಸುತ್ತು. ಈ ನಾಲ್ಕರಲ್ಲಿ ಉರಿಯುವ ಹೊಡೆತವೊಂದೇ ದುಡಿಮೆ. ಒಬ್ಬ ದುಡಿದು ಮೂವರು ಕೂತು ತಿನ್ನುವ ಮನೆ. ವೇಗದಲ್ಲಿರುವಾಗ ಫ್ಲೈವೀಲಿನಲ್ಲಿ ಉಳಿತಾಯ ಇರುತ್ತದೆ, ಒಂದು ಹೊಡೆತ ತಪ್ಪಿದರೂ ಸಂಸಾರ ನಡೆಯುತ್ತದೆ. ಸ್ಲೋನಲ್ಲಿ ಅಂದಂದಿನ ಕೂಲಿ ಅಂದಂದಿಗೇ. ಸ್ಪಾರ್ಕ್ ಪ್ಲಗ್ಗೂ ಇಲ್ಲ. ಗಾಳಿಯನ್ನು ಹದಿನೆಂಟರಲ್ಲಿ ಒಂದು ಪಾಲಿನಷ್ಟಕ್ಕೆ ಹಿಂಡಿದಾಗ 500 ಡಿಗ್ರಿ ದಾಟುವ ಬಿಸಿಗೇ ಡೀಸಲ್ ಹೊತ್ತಿಕೊಳ್ಳಬೇಕು. ನಿಧಾನವಾಗಿ ಹಿಂಡಿದರೆ ಆ ಬಿಸಿ ಸುತ್ತಲಿನ ಕಬ್ಬಿಣಕ್ಕೇ ಸೋರಿಹೋಗುತ್ತದೆ. ಜರ್ಮನಿಯ ರುಡಾಲ್ಫ್ ಡೀಸಲ್ 1897ರಲ್ಲಿ ಆಗ್ಸ್‌ಬರ್ಗಿನಲ್ಲಿ ಓಡಿಸಿ ತೋರಿಸಿದ ಎಂಜಿನ್ನಿಗೂ ಒಂದೇ ಸಿಲಿಂಡರ್ ಇತ್ತು, ಎತ್ತರ ಮಾತ್ರ ಸುಮಾರು ಮೂರು ಮೀಟರ್. ಶಕ್ತಿ 20 ಅಶ್ವಶಕ್ತಿಯಷ್ಟು. ಇಂದು ಅದರ ಅರ್ಧಕ್ಕಿಂತ ಹೆಚ್ಚಿನ ಶಕ್ತಿಯನ್ನು ನನ್ನ ತಮ್ಮ ಎರಡು ಕೈಯಲ್ಲಿ ಹಿಡಿದು ಬದುವಿನ ಮೇಲೆ ತಿರುಗಿಸುತ್ತಾನೆ.

ಕೊನೆಗೆ ಮೆಕ್ಯಾನಿಕ್ ಮೇಸ್ತ್ರಿ ಬಂದರು. ಸ್ಲೋ ಸ್ಕ್ರೂವಿಗೆ ಕೈ ಹಾಕಲು ಹೋದ ತಮ್ಮನ ಕೈಯನ್ನು ಮೊದಲು ತಳ್ಳಿದರು. "ಎಲ್ರೂ ಅದನ್ನೇ ತಿರುಗಿಸ್ತಾರೆ. ಸ್ಲೋ ಏರಿಸಿದ್ರೆ ಕಾಯಿಲೆ ಮುಚ್ಕಂತದೆ, ವಾಸಿಯಾಗಕಿಲ್ಲ. ಅದು ಕೊನೇಗೆ." ನಾನು ಕಂಡ ಎಷ್ಟೋ ಶಿಕ್ಷಣ ತಜ್ಞರಿಗೆ ಈ ಮಾತು ಹೊಳೆದಿರಲಿಲ್ಲ.

ಅವರು ಟ್ಯಾಂಕಿನ ಮುಚ್ಚಳ ತಿರುಗಿಸಿದರೆ 'ಉಸ್' ಎಂದು ಗಾಳಿ ಒಳನುಗ್ಗಿತು. ಮಳೆನೀರು ಇಳಿಯದಿರಲಿ ಎಂದು ಹಿಂದಿನ ಮಾಲೀಕರು ಮುಚ್ಚಳದಡಿ ಹಾಲಿನ ಪ್ಯಾಕೆಟ್ಟಿನ ಪ್ಲಾಸ್ಟಿಕ್ ಕಟ್ಟಿದ್ದರು. ಮುಚ್ಚಳದ ಸಣ್ಣ ತೂತು ಮುಚ್ಚಿಹೋಗಿತ್ತು. ಗಾಳಿ ಒಳಗೆ ಬಾರದೆ ಡೀಸಲ್ ಕೆಳಗಿಳಿಯುವುದು ಹೇಗೆ? ಪ್ಲಾಸ್ಟಿಕ್ ಕಿತ್ತರು. ಫಿಲ್ಟರಿನ ತಳದಿಂದ ಡೀಸಲನ್ನು ಬಾಟಲಿಗೆ ಬಸಿದರೆ ಅಡಿಯಲ್ಲಿ ನೀರು ಬೇರೆಯಾಗಿ ನಿಂತಿತು. ಹೊಸ ಫಿಲ್ಟರ್ ಹಾಕಿ ಏರ್ ತೆಗೆದರು. ಏರ್ ಸ್ಕ್ರೂ ಸಡಿಲಿಸಿದಾಗ ಮೊದಲು ನೊರೆ, ಆಮೇಲೆ ಗುಳ್ಳೆ, ಆಮೇಲೆ ಶುದ್ಧ ಡೀಸಲ್. ಆಗ ಬಿಗಿ ಮಾಡಬೇಕು. ಇಷ್ಟಾದ ಮೇಲೂ ಎಂಜಿನ್ ಸ್ವಲ್ಪ ಹೊತ್ತು ಸ್ಲೋನಲ್ಲಿ ಓಡಿ ಮತ್ತೆ ಆಫ್ ಆಯಿತು.

ಮೇಸ್ತ್ರಿ ನಾಜಲ್ ಬಿಚ್ಚಿ, ಪೈಪಿಗೆ ಹಾಗೇ ಸಿಕ್ಕಿಸಿ, ಹ್ಯಾಂಡಲ್ ತಿರುಗಿಸಲು ಹೇಳಿದರು. ಮಂಜಿನಂತೆ ಸಿಡಿಯಬೇಕಾದ ಡೀಸಲ್ ತೊಟ್ಟಿಕ್ಕುತ್ತಿತ್ತು. ಜೋರಾಗಿ ಓಡುವಾಗ ಆ ಹನಿಯೂ ಹೇಗೋ ಉರಿಯುತ್ತದೆ, ಸ್ಲೋನಲ್ಲಿ ಉರಿಯುವುದಿಲ್ಲ. ನೋಡುತ್ತಿದ್ದ ಹುಡುಗನೊಬ್ಬ ಬೆರಳು ಚಾಚಿದ. ಮೇಸ್ತ್ರಿ ಗದರಿದ ಜೋರಿಗೆ ನಾನೇ ಹಿಂದೆ ಸರಿದೆ. ಆ ಒತ್ತಡದ ಡೀಸಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು, ಒಳಗೆ ಆಪರೇಷನ್ ಮಾಡುವಷ್ಟು ಗಾಯ.

ಇದೇ ಹೊತ್ತಿಗೆ ಆಕ್ಲೆಂಡಿನಿಂದ ನಮ್ಮಣ್ಣನ ಮಗನ ವಿಡಿಯೋ ಕಾಲ್ ಬಂತು. ಅವನು ಗೆಳೆಯರ ಜೊತೆ ಸೇರಿ ಒಂದು ಹಾಯಿದೋಣಿ ಇಟ್ಟುಕೊಂಡಿದ್ದಾನೆ. "ಚಿಕ್ಕಪ್ಪ, ನಮ್ಮ ದೋಣಿ ಎಂಜಿನ್ನೂ ಹಿಂಗೇ! ದಡ ಸೇರೋ ಹೊತ್ತಿಗೆ ನ್ಯೂಟ್ರಲ್‌ಗೆ ತಂದ್ರೆ ಆಫ್. ದೋಣಿಗೆ ಬ್ರೇಕ್ ಇರಲ್ಲ, ರಿವರ್ಸೇ ಬ್ರೇಕು. ಪಕ್ಕದವರ ದೋಣಿಗೆ ಗುದ್ದೋದೊಂದು ಬಾಕಿ!" ಆಶ್ಚರ್ಯವೇನಿಲ್ಲ. 1933ರಲ್ಲಿ ಪುಟ್ಟ ಡೀಸಲ್ ಎಂಜಿನ್ ಮಾಡಿ ಹೆಸರಾದ ಜಪಾನಿನ ಯನ್ಮಾರ್ ಕಂಪನಿ ಇವತ್ತಿಗೂ ಹೊಲಕ್ಕೂ ಹಾಯಿದೋಣಿಗೂ ಎಂಜಿನ್ ಮಾಡುತ್ತದೆ. ನೆಲ, ನೀರು ಎಂಬ ಭೇದ ಡೀಸಲ್ಲಿಗಿಲ್ಲ.

ಮೇಸ್ತ್ರಿ ಫೋನ್ ಇಸಕೊಂಡರು. "ಹಾಯಿ ಐತಲ್ಲ, ಎಂಜಿನ್ ಯಾಕ್ ಸ್ವಾಮಿ?"

"ಗಾಳಿ ಇಲ್ದಾಗ ಬೇಕಲ್ಲ."

"ಟ್ಯಾಂಕು ಎಂಜಿನ್‌ಗಿಂತ ಮ್ಯಾಲೈತೋ, ಕೆಳಗೈತೋ?"

"ಕೆಳಗೆ. ಪಂಪ್ ಎಳ್ಕೊಳ್ಳತ್ತೆ."

"ಹಂಗಾದ್ರೆ ಎಲ್ಲೋ ವಾಷರ್ರೋ ಕ್ಲಿಪ್ಪೋ ಲೂಸಾಗೈತೆ. ಟ್ಯಾಂಕು ಮ್ಯಾಲಿದ್ರೆ ಡೀಸಲ್ ಹೊರಗೆ ಸೋರಿ ಕಣ್ಣಿಗೆ ಕಾಣ್ತಿತ್ತು. ಕೆಳಗಿರೋದ್ಕೆ ಗಾಳೀನೇ ಒಳಗೆ ಎಳ್ಕಂತೈತೆ. ಬೇಕಾದ ಕಡೆ ಗಾಳಿ ಇಲ್ಲ, ಬ್ಯಾಡದ ಕಡೆ ಸೇರ್ಕಂಡೈತೆ, ಅಷ್ಟೇಯ!"

ಮರುದಿನ ಅಣ್ಣನ ಮಗನ ಮೆಸೇಜು: ಫಿಲ್ಟರಿಗೆ ಹೋಗುವ ರಬ್ಬರ್ ಪೈಪಿನ ಕ್ಲಿಪ್ಪು. ಸಮುದ್ರವನ್ನೇ ನೋಡದ ಮೇಸ್ತ್ರಿ ಅಂದಿನಿಂದ, ನಮ್ಮದು ಫಾರಿನ್ ಸರ್ವಿಸೂ ಐತೆ ಎಂದು ಹೇಳಿಕೊಂಡು ರೇಟು ಏರಿಸಿದ್ದಾರೆ. ಏರಿಸಲಿ, ಅರ್ಹತೆ ಇದೆ.

ಹೊಸ ನಾಜಲ್ ಹಾಕಿದ ಮೇಲೆ ಸ್ಲೋ ಸ್ಕ್ರೂವಿಗೆ ಅರ್ಧ ಸುತ್ತು ಸಾಕಾಯಿತು. ನಿಮ್ಮ ಟಿಲ್ಲರೋ ಪಂಪ್‌ಸೆಟ್ಟೋ ಸ್ಲೋನಲ್ಲಿ ಸಾಯುತ್ತಿದ್ದರೆ ಸೈಕಲ್ ಟ್ಯೂಬ್ ಹುಡುಕಬೇಡಿ. ಮೊದಲು ಟ್ಯಾಂಕಿನ ಮುಚ್ಚಳದ ತೂತು ನೋಡಿ, ಆಮೇಲೆ ಫಿಲ್ಟರು, ಆಮೇಲೆ ಏರ್. ನಾಜಲ್ಲನ್ನು ಮೇಸ್ತ್ರಿಗೇ ಬಿಡಿ, ಮಕ್ಕಳನ್ನು ದೂರ ನಿಲ್ಲಿಸಿ.